ಸತ್ತವರ ಲೆಕ್ಕ ಇಡುವವರು ಯಾರು? ಆಂತರಿಕ ಯುದ್ಧಗಳಲ್ಲಿ ನಾಗರಿಕರ ಸಾವು ಮತ್ತು ಧರ್ಮಸಭೆಯ ಸಾಕ್ಷ್ಯ

1998ರ ಏಪ್ರಿಲ್ 24ರಂದು ಮಧ್ಯ ಅಮೆರಿಕದ ಗ್ವಾಟೆಮಾಲ ದೇಶದ ರಾಜಧಾನಿಯ ಕೆಥೆಡ್ರಲ್‌ನಲ್ಲಿ ಸಹಾಯಕ ಬಿಷಪ್ ಹುವಾನ್ ಹೆರಾರ್ದಿ ಅವರು ನಾಲ್ಕು ಸಂಪುಟಗಳ ಒಂದು ವರದಿಯನ್ನು ಬಿಡುಗಡೆ ಮಾಡಿದರು. 'ಗ್ವಾಟೆಮಾಲ: ಇನ್ನೆಂದಿಗೂ ಬೇಡ' ಎಂಬುದು ಅದರ ಹೆಸರು. ಆ ದೇಶದಲ್ಲಿ 1960ರಿಂದ 1996ರವರೆಗೆ, ಅಂದರೆ 36 ವರ್ಷ ನಡೆದ ಆಂತರಿಕ ಯುದ್ಧದಲ್ಲಿ ಕೊಲೆಯಾದವರ, ಕಾಣೆಯಾದವರ, ಚಿತ್ರಹಿಂಸೆ ಅನುಭವಿಸಿದವರ ಕುರಿತ ಹೇಳಿಕೆಗಳು ಅದರಲ್ಲಿದ್ದವು. ಎರಡೇ ದಿನಗಳಲ್ಲಿ, ಏಪ್ರಿಲ್ 26ರ ರಾತ್ರಿ, ಬಿಷಪರನ್ನು ಅವರ ನಿವಾಸದ ಗ್ಯಾರೇಜಿನಲ್ಲಿ ತಲೆ ಜಜ್ಜಿ ಕೊಲ್ಲಲಾಯಿತು. ಈ ಕೊಲೆಗಾಗಿ 2001ರಲ್ಲಿ ನ್ಯಾಯಾಲಯವು ಮೂವರು ಸೇನಾ ಸಿಬ್ಬಂದಿಗೂ ಒಬ್ಬ ಧರ್ಮಗುರುವಿಗೂ ಶಿಕ್ಷೆ ವಿಧಿಸಿತು.

ಯುದ್ಧ ಮುಗಿದು ಆಗ ಹದಿನಾರು ತಿಂಗಳಾಗಿತ್ತು. ಬಂದೂಕುಗಳು ಕೆಳಗಿಳಿದಿದ್ದವು. ಆದರೂ ಸತ್ತವರ ಲೆಕ್ಕ ಇಡುವುದು ಅಪಾಯದ ಕೆಲಸವಾಗಿಯೇ ಉಳಿದಿತ್ತು. ಏಕೆಂದರೆ ಲೆಕ್ಕ ಸರಿಯಾಗಿದ್ದರೆ ಅದು ಎಷ್ಟು ಜನ ಸತ್ತರು ಎಂಬುದನ್ನಷ್ಟೇ ಹೇಳಿ ಸುಮ್ಮನಾಗುವುದಿಲ್ಲ. ಯಾರು ಸತ್ತರು, ಎಲ್ಲಿ ಸತ್ತರು, ಯಾವಾಗ ಸತ್ತರು, ಕೊಂದವರು ಯಾರು ಎಂಬುದನ್ನೂ ಹೇಳುತ್ತದೆ. ಯುದ್ಧದಲ್ಲಿ ಇಂಥದ್ದೆಲ್ಲ ಆಗುವುದೇ ಎಂಬ ಸಮಜಾಯಿಷಿ ಆಮೇಲೆ ನಿಲ್ಲುವುದಿಲ್ಲ.

ಆಂತರಿಕ ಯುದ್ಧಗಳ ಸುದ್ದಿಯಲ್ಲಿ ನಾವು ದಿನವೂ ಸಂಖ್ಯೆಗಳನ್ನು ಓದುತ್ತೇವೆ. ಒಂದೇ ಯುದ್ಧಕ್ಕೆ ಒಬ್ಬರು ಏಳು ಸಾವಿರ ಎಂದರೆ ಇನ್ನೊಬ್ಬರು ಎಪ್ಪತ್ತು ಸಾವಿರ ಎನ್ನುತ್ತಾರೆ. ಯಾವುದನ್ನು ನಂಬುವುದು? ಈ ಸಂಖ್ಯೆಗಳು ಎಲ್ಲಿಂದ ಬರುತ್ತವೆ, ಅವು ಏನನ್ನು ಹೇಳುತ್ತವೆ, ಏನನ್ನು ಹೇಳುವುದಿಲ್ಲ ಎಂಬುದನ್ನು ತಿಳಿಸುವುದು ಈ ಲೇಖನದ ಉದ್ದೇಶ.

ಗ್ವಾಟೆಮಾಲದ ಮೂರು ಪಟ್ಟಿಗಳು

1994ರಲ್ಲಿ ಗ್ವಾಟೆಮಾಲ ಸರಕಾರ ಮತ್ತು ಗೆರಿಲ್ಲಾ ಬಂಡುಕೋರರ ನಡುವೆ ಒಂದು ಒಪ್ಪಂದವಾಯಿತು. ಯುದ್ಧಕಾಲದ ಅತ್ಯಾಚಾರಗಳ ಬಗ್ಗೆ ವಿಶ್ವಸಂಸ್ಥೆಯ ಬೆಂಬಲದೊಂದಿಗೆ ಸತ್ಯಶೋಧನಾ ಆಯೋಗವೊಂದನ್ನು ರಚಿಸಲು ಎರಡೂ ಕಡೆಯವರು ಒಪ್ಪಿದರು. ಆದರೆ ತಪ್ಪಿತಸ್ಥರನ್ನು ವ್ಯಕ್ತಿಗತವಾಗಿ ಹೆಸರಿಸುವ ಅಧಿಕಾರ ಆ ಆಯೋಗಕ್ಕೆ ಇರಲಿಲ್ಲ. ಈ ಹಿನ್ನೆಲೆಯಲ್ಲಿ ಧರ್ಮಸಭೆ ತನ್ನದೇ ಆದ ಕೆಲಸವನ್ನು ಆರಂಭಿಸಿತು. ಗ್ವಾಟೆಮಾಲ ಮಹಾಧರ್ಮಪ್ರಾಂತ್ಯದ ಮಾನವ ಹಕ್ಕುಗಳ ಕಚೇರಿ ಇದರ ಹೊಣೆ ಹೊತ್ತಿತು. ಬಿಷಪ್ ಹೆರಾರ್ದಿಯವರೇ ಇದರ ಮುಂದಾಳು.

ಧರ್ಮಕೇಂದ್ರಗಳಿಂದ ಬಂದ ನೂರಾರು ಸ್ವಯಂಸೇವಕರಿಗೆ ತರಬೇತಿ ಕೊಡಲಾಯಿತು. ಇವರಲ್ಲಿ ಹೆಚ್ಚಿನವರು ಮಾಯಾ ಮೂಲನಿವಾಸಿ ಭಾಷೆಗಳನ್ನು ಬಲ್ಲವರು. ಅವರು ಬೆಟ್ಟದ ಹಳ್ಳಿಗಳಿಗೆ ನಡೆದು ಹೋಗಿ, ಜನರ ಭಾಷೆಯಲ್ಲಿಯೇ ಕೇಳಿ, ಐದು ಸಾವಿರಕ್ಕೂ ಹೆಚ್ಚು ಹೇಳಿಕೆಗಳನ್ನು ದಾಖಲಿಸಿದರು. ಆ ಹೇಳಿಕೆಗಳಲ್ಲಿ ಐವತ್ತು ಸಾವಿರಕ್ಕೂ ಹೆಚ್ಚು ಸಂತ್ರಸ್ತರ ಕಥೆ ಇತ್ತು.

ವಿಶ್ವಸಂಸ್ಥೆ ಬೆಂಬಲಿತ ಆಯೋಗದ ವರದಿ 1999ರ ಫೆಬ್ರವರಿ 25ರಂದು ಹೊರಬಂತು. ಅದು 42,275 ಸಂತ್ರಸ್ತರನ್ನು ದಾಖಲಿಸಿತ್ತು. ಇವರಲ್ಲಿ 23,671 ಮಂದಿಯನ್ನು ವಿಚಾರಣೆಯಿಲ್ಲದೆ ಕೊಲ್ಲಲಾಗಿತ್ತು. 6,159 ಮಂದಿ ಬಲವಂತವಾಗಿ ಕಾಣೆಯಾಗಿಸಲ್ಪಟ್ಟಿದ್ದರು. ಇವೆರಡರ ಜತೆಗೆ, ಮಾನವ ಹಕ್ಕುಗಳ ಸಂಘಟನೆಗಳು ಸಂದರ್ಶನ, ಕಡತ ಮತ್ತು ಹಳೆಯ ಪತ್ರಿಕೆಗಳಿಂದ ತಯಾರಿಸಿದ ಮೂರನೆಯ ಪಟ್ಟಿಯೊಂದೂ ಇತ್ತು.

ಹೀಗೆ ಒಂದು ದೇಶ, ಒಂದು ಯುದ್ಧ, ಮೂರು ಪಟ್ಟಿ. ಯಾವ ಪಟ್ಟಿಯೂ ಪೂರ್ಣವಲ್ಲ. ಇಡೀ ಕುಟುಂಬವೇ ಸತ್ತುಹೋದ ಮನೆಯಿಂದ ಹೇಳಿಕೆ ಕೊಡಲು ಯಾರು ಬರಬೇಕು? ಗಡಿ ದಾಟಿ ಮೆಕ್ಸಿಕೋಗೆ ಓಡಿಹೋದವರನ್ನು, ಹೆದರಿಕೆಯಿಂದ ಬಾಯಿ ಬಿಡದವರನ್ನು ಯಾರು ಮುಟ್ಟಬೇಕು?

ಪಟ್ಟಿಯಲ್ಲಿ ಇಲ್ಲದವರನ್ನು ಎಣಿಸುವುದು ಹೇಗೆ?

ಇಲ್ಲಿ ಸಂಖ್ಯಾಶಾಸ್ತ್ರದ ಒಂದು ಹಳೆಯ ಉಪಾಯ ನೆರವಿಗೆ ಬರುತ್ತದೆ. ನಮ್ಮ ಕರಾವಳಿಯ ಒಂದು ಉದಾಹರಣೆಯಿಂದ ಇದನ್ನು ಸುಲಭವಾಗಿ ತಿಳಿಯಬಹುದು.

ಕಡಲ್ಕೊರೆತದಿಂದ ಒಂದು ಧರ್ಮಕೇಂದ್ರದಲ್ಲಿ ಅನೇಕ ಮನೆಗಳಿಗೆ ಹಾನಿಯಾಗಿದೆ ಎಂದಿಟ್ಟುಕೊಳ್ಳಿ. ವಿನ್ಸೆಂಟ್ ಪಾವ್ಲ್ ಸಭೆಯವರು ಸುತ್ತಾಡಿ 60 ಮನೆಗಳ ಪಟ್ಟಿ ಮಾಡಿದರು. ಅವರಿಗೆ ತಿಳಿಯದಂತೆ ಯುವಜನರು ಬೇರೆಯಾಗಿ ಸುತ್ತಾಡಿ 50 ಮನೆಗಳ ಪಟ್ಟಿ ಮಾಡಿದರು. ಎರಡನ್ನೂ ಹೋಲಿಸಿದಾಗ 30 ಮನೆಗಳು ಎರಡರಲ್ಲೂ ಇವೆ. ಅಂದರೆ ಒಟ್ಟು ಗೊತ್ತಾದ ಮನೆಗಳು 80. ಹಾಗಾದರೆ ಯಾರ ಕಣ್ಣಿಗೂ ಬೀಳದ ಮನೆಗಳು ಎಷ್ಟು?

ಯುವಜನರು ಕಂಡ 50 ಮನೆಗಳಲ್ಲಿ 30 ಮನೆಗಳನ್ನು ವಿನ್ಸೆಂಟ್ ಪಾವ್ಲ್ ಸಭೆಯವರೂ ಕಂಡಿದ್ದರು. ಅಂದರೆ ಸಭೆಯವರು ಸುಮಾರು ಐದರಲ್ಲಿ ಮೂರು ಪಾಲು ಮನೆಗಳನ್ನು ಮುಟ್ಟುತ್ತಾರೆ ಎಂದಾಯಿತು. ಅವರು ಮುಟ್ಟಿದ್ದು 60 ಮನೆ. 60 ಎಂಬುದು ಐದರಲ್ಲಿ ಮೂರು ಪಾಲಾದರೆ ಪೂರ್ತಿ ಸಂಖ್ಯೆ 100. ಆದ್ದರಿಂದ ಇನ್ನೂ ಸುಮಾರು 20 ಮನೆಗಳು ಯಾವ ಪಟ್ಟಿಗೂ ಸೇರದೆ ಉಳಿದಿವೆ.

ಪಟ್ಟಿಗಳಲ್ಲಿ ಒಂದೇ ಹೆಸರುಗಳು ಮತ್ತೆ ಮತ್ತೆ ಬರುತ್ತಿದ್ದರೆ ಹೊರಗುಳಿದವರು ಕಡಿಮೆ. ಪ್ರತಿ ಪಟ್ಟಿಯಲ್ಲೂ ಹೊಸ ಹೊಸ ಹೆಸರುಗಳೇ ಬರುತ್ತಿದ್ದರೆ ಹೊರಗುಳಿದವರು ಬಹಳ. ಇಷ್ಟೇ ಇದರ ತಿರುಳು. ಡೆನ್ಮಾರ್ಕಿನ ವಿಜ್ಞಾನಿ ಪೀಟರ್ಸನ್ 19ನೇ ಶತಮಾನದ ಕೊನೆಯಲ್ಲಿ ಮೀನುಗಳಿಗೆ ಗುರುತು ಹಾಕಿ ಬಿಟ್ಟು ಮತ್ತೆ ಹಿಡಿದು ನೋಡಿದ ಕೆಲಸದಲ್ಲಿ ಇದರ ಬೇರು ಇದೆ. ಮನುಷ್ಯರ ಜನನ ಮರಣಗಳಿಗೆ ಇದನ್ನು ಅನ್ವಯಿಸಿದವರಲ್ಲಿ ಭಾರತೀಯರೊಬ್ಬರು ಮುಖ್ಯರು. ಸಿ. ಚಂದ್ರಶೇಖರ್ ಅವರು ಅಮೆರಿಕದ ಡೆಮಿಂಗ್ ಅವರೊಡನೆ 1949ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಕಲ್ಕತ್ತ ಸಮೀಪದ ಸಿಂಗೂರಿನ ಸರಕಾರಿ ನೋಂದಣಿಯನ್ನು ಮನೆ ಮನೆ ವಿಚಾರಣೆಯ ಪಟ್ಟಿಯೊಂದಿಗೆ ಹೋಲಿಸಿ, ನೋಂದಣಿಯಾಗದೆ ಉಳಿದ ಸಾವುಗಳನ್ನು ಅಂದಾಜು ಮಾಡುವ ದಾರಿ ತೋರಿಸಿದರು.

ಯುದ್ಧದಲ್ಲಿ ಈ ಲೆಕ್ಕ ಇಷ್ಟು ಸರಳವಲ್ಲ. ಎಲ್ಲರಿಗೂ ಪಟ್ಟಿ ಸೇರುವ ಅವಕಾಶ ಒಂದೇ ರೀತಿ ಇರುವುದಿಲ್ಲ. ರಸ್ತೆ ಇರುವ, ಹೆಸರಾದ ಹಳ್ಳಿಗೆ ಎಲ್ಲರೂ ಹೋಗುತ್ತಾರೆ. ಆಗ ಪಟ್ಟಿಗಳು ಬಹಳ ಹೊಂದಿಕೆಯಾಗಿ ಅಂದಾಜು ಕಡಿಮೆ ಬರುತ್ತದೆ. ಚರ್ಚಿನವರ ಬಳಿ ಮಾತಾಡುವವರು ಆಯೋಗದ ಬಳಿ ಹೋಗದಿದ್ದರೆ ಅಂದಾಜು ಹೆಚ್ಚು ಬರುತ್ತದೆ. ಒಬ್ಬನೇ ವ್ಯಕ್ತಿಯ ಹೆಸರನ್ನು ಎರಡು ಕಡೆ ಬೇರೆ ಬೇರೆಯಾಗಿ ಬರೆದಿದ್ದರೆ ಅವನು ಇಬ್ಬರಾಗುತ್ತಾನೆ. ಅದಕ್ಕಾಗಿಯೇ ಎರಡಕ್ಕಿಂತ ಹೆಚ್ಚು ಪಟ್ಟಿಗಳು ಬೇಕು, ಮತ್ತು ಉತ್ತರವನ್ನು ಒಂದೇ ಸಂಖ್ಯೆಯಾಗಿ ಹೇಳದೆ ಇಷ್ಟರಿಂದ ಇಷ್ಟರವರೆಗೆ ಎಂದು ಹೇಳಬೇಕು.

ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಪ್ಯಾಟ್ರಿಕ್ ಬಾಲ್ ಅವರು ಗ್ವಾಟೆಮಾಲದ ಮೂರು ಪಟ್ಟಿಗಳನ್ನು ಹೀಗೆ ಹೋಲಿಸಿ, 1978ರಿಂದ 1996ರವರೆಗೆ ಸುಮಾರು 1,32,000 ಮಂದಿ ಕೊಲೆಯಾಗಿರಬೇಕು ಎಂದು ಲೆಕ್ಕ ಹಾಕಿದರು. ಹೆಚ್ಚು ಕಡಿಮೆ 1,19,000ದಿಂದ 1,45,000ದ ನಡುವೆ ಎಂಬುದು ಅವರ ಅಂದಾಜು. ಅದಕ್ಕೂ ಹಿಂದಿನ ವರ್ಷಗಳನ್ನೂ ಕಾಣೆಯಾದವರನ್ನೂ ಸೇರಿಸಿ, ಸತ್ತ ಮತ್ತು ಕಾಣೆಯಾದವರ ಸಂಖ್ಯೆ ಎರಡು ಲಕ್ಷವನ್ನು ಮೀರುತ್ತದೆ ಎಂದು ಆಯೋಗ ಹೇಳಿತು.

ಪತ್ರಿಕೆಗಳು ಮೌನವಾದಾಗ

ಇದೇ ಅಧ್ಯಯನಗಳಿಂದ ಇನ್ನೊಂದು ವಿಷಯ ಬೆಳಕಿಗೆ ಬಂತು. ಗ್ವಾಟೆಮಾಲದ ಪತ್ರಿಕೆಗಳಲ್ಲಿ ಪ್ರಕಟವಾದ ಕೊಲೆಗಳನ್ನು ವರ್ಷವಾರು ಎಣಿಸಿ ನೋಡಿದಾಗ, 1980ರ ಸುಮಾರಿಗೆ ನಗರದ ವಿದ್ಯಾರ್ಥಿಗಳು, ಕಾರ್ಮಿಕ ನಾಯಕರು ಮುಂತಾದವರ ಕೊಲೆಗಳು ವರದಿಯಾಗುತ್ತಿದ್ದವು. ಆಮೇಲೆ ಸುದ್ದಿಗಳು ಇಳಿಯುತ್ತಾ ಹೋದವು. ಪತ್ರಿಕೆಯನ್ನಷ್ಟೇ ನಂಬಿದವರಿಗೆ 1982ರಲ್ಲಿ ದೇಶ ಶಾಂತವಾಯಿತು ಎಂದೇ ಅನಿಸುತ್ತಿತ್ತು.

ಬದುಕುಳಿದವರ ಹೇಳಿಕೆಗಳು ತದ್ವಿರುದ್ಧ ಚಿತ್ರ ಕೊಟ್ಟವು. ಆಯೋಗ ದಾಖಲಿಸಿದ ದೌರ್ಜನ್ಯಗಳಲ್ಲಿ ನೂರಕ್ಕೆ 80ಕ್ಕೂ ಹೆಚ್ಚು 1981ರಿಂದ 1983ರ ಮೂರು ವರ್ಷಗಳಲ್ಲಿ ನಡೆದಿದ್ದವು. ಸುಮಾರು ಅರ್ಧದಷ್ಟು 1982ರ ಒಂದೇ ವರ್ಷದಲ್ಲಿ. ಕೊಲೆಗಳು ನಗರದಿಂದ ಹಳ್ಳಿಗೆ ಸರಿದಿದ್ದವು. ಹಳ್ಳಿಗೆ ಪತ್ರಕರ್ತರು ಹೋಗುವಂತಿರಲಿಲ್ಲ. ಹೋದರೂ ಪ್ರಕಟಿಸುವ ಧೈರ್ಯ ಇರಲಿಲ್ಲ.

ಸಂಖ್ಯೆಗಳನ್ನು ಓದುವ ಯಾರಿಗೇ ಆಗಲಿ ಇದು ದೊಡ್ಡ ಎಚ್ಚರಿಕೆ. ಸುದ್ದಿ ಕಡಿಮೆಯಾದರೆ ಸಾವು ಕಡಿಮೆಯಾಗಿದೆ ಎಂದರ್ಥವಲ್ಲ. ಕೆಲವೊಮ್ಮೆ ಸುದ್ದಿ ಕೊಡುವವರೇ ಇಲ್ಲದಷ್ಟು ಸಾವು ಹೆಚ್ಚಿದೆ ಎಂದೂ ಅರ್ಥವಾಗಬಹುದು.

ಸಾವು ಸಮನಾಗಿ ಹಂಚಿಹೋಗುವುದಿಲ್ಲ

ಯುದ್ಧದ ಸಾವುಗಳು ಮಳೆಯಂತೆ ಎಲ್ಲರ ಮೇಲೂ ಒಂದೇ ಸಮ ಸುರಿಯುವುದಿಲ್ಲ. ಗ್ವಾಟೆಮಾಲದಲ್ಲಿ ಪೂರ್ಣವಾಗಿ ಗುರುತು ಸಿಕ್ಕ ಸಂತ್ರಸ್ತರಲ್ಲಿ ನೂರಕ್ಕೆ 83 ಮಂದಿ ಮಾಯಾ ಮೂಲನಿವಾಸಿಗಳು. ದಾಖಲಾದ ದೌರ್ಜನ್ಯಗಳಲ್ಲಿ ನೂರಕ್ಕೆ 93ರ ಹೊಣೆ ಸೇನೆ ಮತ್ತು ಸರಕಾರದ ಬೆಂಬಲ ಇದ್ದ ಪಡೆಗಳದ್ದು. 3ರ ಹೊಣೆ ಗೆರಿಲ್ಲಾಗಳದ್ದು. ಸರಕಾರಿ ಪಡೆಗಳು ನಡೆಸಿದ 626 ಹತ್ಯಾಕಾಂಡಗಳನ್ನು ಆಯೋಗ ಪಟ್ಟಿ ಮಾಡಿತು. ಇವುಗಳಲ್ಲಿ ಸುಮಾರು ಅರ್ಧದಷ್ಟು ನಡೆದದ್ದು ಕಿಚೆ ಎಂಬ ಒಂದೇ ಪ್ರಾಂತ್ಯದಲ್ಲಿ.

ಈ ಕಿಚೆಗೆ ಹೆರಾರ್ದಿಯವರು 1974ರಿಂದ ಬಿಷಪರಾಗಿದ್ದರು. ಅಲ್ಲಿನ ಧರ್ಮಗುರುಗಳೂ ಉಪದೇಶಿಗಳೂ ಒಬ್ಬೊಬ್ಬರಾಗಿ ಕೊಲೆಯಾಗತೊಡಗಿದಾಗ 1980ರಲ್ಲಿ ಅವರು ಧರ್ಮಪ್ರಾಂತ್ಯವನ್ನೇ ಮುಚ್ಚಿ ಗುರುಗಳನ್ನೂ ಧರ್ಮಭಗಿನಿಯರನ್ನೂ ಹೊರಗೆ ಕರೆದೊಯ್ಯಬೇಕಾಯಿತು. ಕಿಚೆಯ ಹತ್ತು ಮಂದಿ ರಕ್ತಸಾಕ್ಷಿಗಳನ್ನು 2021ರ ಏಪ್ರಿಲ್ 23ರಂದು ಧನ್ಯರೆಂದು ಘೋಷಿಸಲಾಯಿತು. ಅವರಲ್ಲಿ ಮೂವರು ಧರ್ಮಗುರುಗಳು, ಏಳು ಮಂದಿ ಶ್ರೀಸಾಮಾನ್ಯ ವಿಶ್ವಾಸಿಗಳು. ಒಬ್ಬ ಹನ್ನೆರಡು ವರ್ಷದ ಬಾಲಕ.

ಕಿಚೆಯ ಒಳಗಿನ ಇಶಿಲ್ ಪ್ರದೇಶದ ಲೆಕ್ಕ 2013ರಲ್ಲಿ ನ್ಯಾಯಾಲಯದ ಮುಂದೆ ಬಂತು. 1982ರ ಏಪ್ರಿಲ್‌ನಿಂದ 1983ರ ಜುಲೈವರೆಗೆ ಅಲ್ಲಿನ ಮೂಲನಿವಾಸಿಗಳಲ್ಲಿ ನೂರಕ್ಕೆ 5.5ರಷ್ಟು ಜನರನ್ನು ಸೇನೆ ಕೊಂದಿತ್ತು. ಅದೇ ಊರುಗಳಲ್ಲಿ ವಾಸವಿದ್ದ ಇತರರಲ್ಲಿ ನೂರಕ್ಕೆ 0.7ರಷ್ಟು. ಅಂದರೆ ಒಂದೇ ಊರು, ಒಂದೇ ಕಾಲ, ಆದರೆ ಮೂಲನಿವಾಸಿಯಾಗಿದ್ದರೆ ಸೇನೆಯ ಕೈಯಲ್ಲಿ ಸಾಯುವ ಸಂಭವ ಎಂಟು ಪಟ್ಟು. ಗುಂಡು ಹಾರುವಾಗ ನಡುವೆ ಸಿಕ್ಕಿ ಸತ್ತರು ಎಂದರೆ ಈ ಎಂಟು ಪಟ್ಟಿಗೆ ಉತ್ತರ ಸಿಗುವುದಿಲ್ಲ. 2013ರ ಮೇ 10ರಂದು ನ್ಯಾಯಾಲಯವು ಅಂದಿನ ಸೇನಾ ಆಡಳಿತಗಾರ ಎಫ್ರೆಯಿನ್ ರಿಯೋಸ್ ಮೋಂಟ್ ಅವರಿಗೆ ಜನಾಂಗಹತ್ಯೆ ಮತ್ತು ಮಾನವೀಯತೆಯ ವಿರುದ್ಧದ ಅಪರಾಧಗಳಿಗಾಗಿ 80 ವರ್ಷ ಶಿಕ್ಷೆ ವಿಧಿಸಿತು. ಹತ್ತು ದಿನಗಳಲ್ಲಿ ಸಂವಿಧಾನ ನ್ಯಾಯಾಲಯ ಆ ತೀರ್ಪನ್ನು ರದ್ದುಗೊಳಿಸಿತು. ಮರುವಿಚಾರಣೆ ಮುಗಿಯುವ ಮುನ್ನ 2018ರಲ್ಲಿ ಅವರು ತೀರಿಕೊಂಡರು.

ಲೆಕ್ಕ ಇಳಿಯುವುದೂ ಉಂಟು

ಸರಿಯಾಗಿ ಎಣಿಸಿದರೆ ಸಂಖ್ಯೆ ಯಾವಾಗಲೂ ಏರುತ್ತದೆ ಎಂದು ತಿಳಿಯಬಾರದು. 1992ರಿಂದ 1995ರವರೆಗೆ ನಡೆದ ಬೋಸ್ನಿಯಾ ಯುದ್ಧದಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಜನ ಸತ್ತರು ಎಂಬ ಮಾತು ವರ್ಷಗಟ್ಟಲೆ ಚಾಲ್ತಿಯಲ್ಲಿತ್ತು. ಸರಾಯೆವೋದ ಸಂಶೋಧಕರು ಒಂದೊಂದೇ ಹೆಸರನ್ನು ಪರಿಶೀಲಿಸಿ 2013ರಲ್ಲಿ ಪ್ರಕಟಿಸಿದ ಪಟ್ಟಿಯಲ್ಲಿ 95,940 ಹೆಸರುಗಳಿವೆ. ಇವರಲ್ಲಿ 57,701 ಮಂದಿ ಸೈನಿಕರು, 38,239 ಮಂದಿ ನಾಗರಿಕರು.

ಇಂದಿನ ಯುದ್ಧಗಳಲ್ಲಿ ಸಾಯುವವರಲ್ಲಿ ನೂರಕ್ಕೆ 90 ಮಂದಿ ನಾಗರಿಕರು ಎಂಬ ಮಾತನ್ನು ಭಾಷಣಗಳಲ್ಲಿ ಮತ್ತೆ ಮತ್ತೆ ಕೇಳುತ್ತೇವೆ. ಎಲ್ಲ ಯುದ್ಧಗಳಿಗೂ ಅನ್ವಯಿಸುವಂತೆ ಹಾಗೆ ಹೇಳಲು ಆಧಾರವಿಲ್ಲ. ಬೋಸ್ನಿಯಾದಲ್ಲಿ ಅದು ನೂರಕ್ಕೆ 40. ಆದರೆ ಸತ್ತ ನಾಗರಿಕರಲ್ಲಿ ಐದರಲ್ಲಿ ನಾಲ್ಕು ಪಾಲು ಬೋಸ್ನಿಯಾಕ್ ಮುಸ್ಲಿಮರು. ಒಟ್ಟು ಸಂಖ್ಯೆ ಇಳಿದರೂ ಯಾರನ್ನು ಗುರಿಯಾಗಿಸಲಾಗಿತ್ತು ಎಂಬುದು ಇನ್ನಷ್ಟು ಸ್ಪಷ್ಟವಾಯಿತು. ನೊಂದವರ ಪರ ನಿಲ್ಲಲು ಸಂಖ್ಯೆಯನ್ನು ದೊಡ್ಡದು ಮಾಡಬೇಕಿಲ್ಲ. ದೊಡ್ಡದು ಮಾಡಿದ ಸಂಖ್ಯೆ ಒಮ್ಮೆ ಸುಳ್ಳೆಂದು ತಿಳಿದರೆ, ನಿಜವಾಗಿ ಸತ್ತವರ ಸಾಕ್ಷ್ಯವನ್ನೂ ಜನ ಅನುಮಾನಿಸುತ್ತಾರೆ.

ಮನ್ನಾರಿನ ಬಿಷಪರ ಪ್ರಶ್ನೆ

ನಮಗೆ ಹತ್ತಿರದ ಉದಾಹರಣೆ ಶ್ರೀಲಂಕಾದ್ದು. 1983ರಲ್ಲಿ ಆರಂಭವಾದ ಅಲ್ಲಿನ ಆಂತರಿಕ ಯುದ್ಧ 2009ರ ಮೇ ತಿಂಗಳಲ್ಲಿ ಮುಗಿಯಿತು. ಕೊನೆಯ ತಿಂಗಳುಗಳಲ್ಲಿ ಉತ್ತರದ ವನ್ನಿ ಪ್ರದೇಶದ ಜನರು ಸೇನೆ ಮತ್ತು ಎಲ್‌ಟಿಟಿಇ ನಡುವೆ ಸಮುದ್ರ ತೀರದ ಸಣ್ಣ ಪಟ್ಟಿಯಲ್ಲಿ ಸಿಕ್ಕಿಬಿದ್ದರು. ಸ್ವತಂತ್ರ ಪತ್ರಕರ್ತರಿಗೆ ಅಲ್ಲಿ ಪ್ರವೇಶವಿರಲಿಲ್ಲ.

ಮನ್ನಾರ್ ಧರ್ಮಪ್ರಾಂತ್ಯದ ಅಂದಿನ ಬಿಷಪ್ ರಾಯಪ್ಪು ಜೋಸೆಫ್ ಅವರು 2011ರ ಜನವರಿಯಲ್ಲಿ ಸರಕಾರ ನೇಮಿಸಿದ್ದ ಆಯೋಗದ ಮುಂದೆ ಒಂದು ಸರಳ ಲೆಕ್ಕ ಇಟ್ಟರು. ಸರಕಾರಿ ಕಚೇರಿಗಳ ಪ್ರಕಾರ 2008ರ ಅಕ್ಟೋಬರ್‌ನಲ್ಲಿ ವನ್ನಿಯಲ್ಲಿದ್ದ ಜನರು 4,29,059. ಯುದ್ಧ ಮುಗಿದ ಮೇಲೆ ಸರಕಾರದ ಹಿಡಿತದ ಪ್ರದೇಶಕ್ಕೆ ಬಂದವರು 2,82,380. ಹಾಗಾದರೆ ಉಳಿದ 1,46,679 ಜನ ಏನಾದರು?

ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಅಷ್ಟೂ ಮಂದಿ ಸತ್ತರು ಎಂಬುದು ಈ ಕಳೆಯುವ ಲೆಕ್ಕದ ಅರ್ಥವಲ್ಲ. ಮೊದಲಿನ ಎಣಿಕೆಯಲ್ಲಿ ಕೆಲವರು ಎರಡು ಬಾರಿ ಸೇರಿರಬಹುದು. ಕೆಲವರು ನೋಂದಣಿಯಾಗದೆ ಹೊರಗೆ ಹೋಗಿರಬಹುದು. ವಿಶ್ವಸಂಸ್ಥೆಯ ತಜ್ಞರ ಸಮಿತಿ 2011ರಲ್ಲಿ, ಸತ್ತ ನಾಗರಿಕರ ಸಂಖ್ಯೆ 40,000ದವರೆಗೆ ಇರಬಹುದೆಂದಿತು. ವಿಶ್ವಸಂಸ್ಥೆಯ ಆಂತರಿಕ ಪರಿಶೀಲನೆಯೊಂದು 2012ರಲ್ಲಿ, 70,000ಕ್ಕೂ ಹೆಚ್ಚು ಜನರ ಲೆಕ್ಕ ಸಿಗುತ್ತಿಲ್ಲ ಎಂದಿತು. ಬಿಷಪರ ಸಂಖ್ಯೆ ತೀರ್ಪಾಗಿರಲಿಲ್ಲ, ಉತ್ತರ ಕೇಳುವ ಪ್ರಶ್ನೆಯಾಗಿತ್ತು. ಕೇಳಿದ್ದು ಸರಕಾರದ ಅಂಕಿಗಳನ್ನೇ ಇಟ್ಟುಕೊಂಡು. ಅವರು 2021ರ ಏಪ್ರಿಲ್ 1ರಂದು ನಿಧನರಾದರು. ಆ ಪ್ರಶ್ನೆಗೆ ಹೆಸರು ಹೆಸರಾಗಿ ಉತ್ತರ ಅವರ ಜೀವಿತಕಾಲದಲ್ಲಿ ದೊರೆಯಲಿಲ್ಲ.

ನಮ್ಮ ಧರ್ಮಕೇಂದ್ರಗಳಿಗೆ ಇದರಿಂದೇನು?

ಮೇಲಿನ ಉದಾಹರಣೆಗಳಲ್ಲಿ ಮೂರು ಬಗೆಯ ಸಂಖ್ಯೆಗಳಿವೆ. ಬೋಸ್ನಿಯಾದ್ದು ಹೆಸರುಗಳ ಪಟ್ಟಿ. ಗ್ವಾಟೆಮಾಲದ್ದು ಪಟ್ಟಿಗಳನ್ನು ಹೋಲಿಸಿ ಮಾಡಿದ ಅಂದಾಜು. ಮನ್ನಾರಿನದ್ದು ಲೆಕ್ಕ ಸಿಗದವರ ಸಂಖ್ಯೆ. ಇವನ್ನು ಒಂದರೊಡನೆ ಒಂದು ಕಲಸಬಾರದು. ಯುದ್ಧದ ಸಾವಿನ ಸುದ್ದಿ ಓದುವಾಗ, ಅದನ್ನು ಪ್ರವಚನದಲ್ಲಿ ಅಥವಾ ಸಭೆಯಲ್ಲಿ ಹೇಳುವಾಗ, ಇದು ಯಾವ ಬಗೆಯ ಸಂಖ್ಯೆ, ಎಣಿಸಿದವರು ಯಾರು, ಎಲ್ಲಿಗೆ ಅವರು ಹೋಗಲು ಆಗಲಿಲ್ಲ ಎಂದು ಕೇಳಿಕೊಳ್ಳುವುದು ಒಳ್ಳೆಯದು. ಎರಡೂ ಕಡೆಯವರು ಕೊಂದವರನ್ನು ಎಣಿಸಿದ್ದಾರೆಯೇ ಎಂಬುದನ್ನೂ ನೋಡಬೇಕು. ಗ್ವಾಟೆಮಾಲದ ಧರ್ಮಸಭೆಯ ವರದಿಯಲ್ಲಿ ಗೆರಿಲ್ಲಾಗಳ ಕೊಲೆಗಳೂ ಇದ್ದವು. ಅದರಿಂದಲೇ ಅದಕ್ಕೆ ಬೆಲೆ ಬಂತು.

ಪಟ್ಟಿ ಬರೆಯುವ ಕೆಲಸ ನಮಗೇನೂ ಹೊಸದಲ್ಲ. 2017ರ ನವೆಂಬರ್ ಕೊನೆಯಲ್ಲಿ ಓಖಿ ಚಂಡಮಾರುತ ಬಂದಾಗ ಕಡಲಿಗೆ ಹೋದ ಎಷ್ಟು ಮಂದಿ ಮರಳಲಿಲ್ಲ ಎಂಬ ಬಗ್ಗೆ ಸರಕಾರದ ಲೆಕ್ಕಕ್ಕೂ ತಿರುವನಂತಪುರದ ಲ್ಯಾಟಿನ್ ಮಹಾಧರ್ಮಪ್ರಾಂತ್ಯದ ಲೆಕ್ಕಕ್ಕೂ ವ್ಯತ್ಯಾಸವಿತ್ತು. ಕರಾವಳಿಯ ಧರ್ಮಕೇಂದ್ರಗಳಿಗೆ ಯಾವ ಮನೆಯಿಂದ ಯಾರು ಕಡಲಿಗಿಳಿದಿದ್ದರು ಎಂದು ತಿಳಿದಿತ್ತು. ಸ್ನಾನದೀಕ್ಷೆಯ ದಫ್ತರ, ಮರಣ ದಫ್ತರ, ವಾರ್ಡಿನ ಗುರಿಕಾರರ ಬಳಿ ಇರುವ ಕುಟುಂಬಗಳ ಪಟ್ಟಿ ಇವೆಲ್ಲ ಸಾಮಾನ್ಯ ದಿನಗಳಲ್ಲಿ ಬರೇ ಕಚೇರಿ ಕೆಲಸದಂತೆ ಕಾಣುತ್ತವೆ. ಕೆಟ್ಟ ದಿನ ಬಂದಾಗ ಒಬ್ಬ ಬಡವನು ಬದುಕಿದ್ದನು ಎಂಬುದಕ್ಕೆ ಅದೊಂದೇ ಸಾಕ್ಷಿಯಾಗಬಹುದು. ಆದ್ದರಿಂದ ಹೆಸರನ್ನು ಸರಿಯಾಗಿ ಬರೆಯುವುದು, ದಿನಾಂಕ ಬಿಡದಿರುವುದು, ಕಂಡದ್ದನ್ನೂ ಕೇಳಿದ್ದನ್ನೂ ಬೇರೆ ಬೇರೆಯಾಗಿ ಗುರುತಿಸುವುದು, ಹೊರಗಿನಿಂದ ಬಂದು ನೆಲೆಸಿದ ಕಾರ್ಮಿಕರ ಕುಟುಂಬಗಳನ್ನು ಪಟ್ಟಿಯಿಂದ ಹೊರಗಿಡದಿರುವುದು, ಇವು ಸಣ್ಣ ಕೆಲಸಗಳಲ್ಲ.

ನೂರು ಕುರಿಗಳಲ್ಲಿ ಒಂದು ಕಾಣೆಯಾದ ಸಾಮತಿಯನ್ನು ನಾವು ಎಷ್ಟೋ ಬಾರಿ ಕೇಳಿದ್ದೇವೆ. ಕುರುಬನು ಹುಡುಕಿಕೊಂಡು ಹೋದ ಪ್ರೀತಿಯನ್ನು ಧ್ಯಾನಿಸುತ್ತೇವೆ. ಅವನು ಹೊರಡುವ ಮೊದಲು ಎಣಿಸಿದ್ದನು ಎಂಬುದು ನಮ್ಮ ಗಮನಕ್ಕೆ ಬರುವುದು ಕಡಿಮೆ. ಎಣಿಸದೇ ಇದ್ದಿದ್ದರೆ ಒಂದು ಕಡಿಮೆಯಾದದ್ದು ಅವನಿಗೆ ತಿಳಿಯುತ್ತಲೇ ಇರಲಿಲ್ಲ. ಮೃತರ ಸ್ಮರಣೆಯ ನವೆಂಬರ್ ತಿಂಗಳಲ್ಲಿ ನಮ್ಮವರ ಹೆಸರುಗಳನ್ನು ಬಲಿಪೂಜೆಗೆ ಬರೆದು ಕೊಡುವಾಗ, ಯಾವ ಪಟ್ಟಿಯಲ್ಲೂ ಹೆಸರಿಲ್ಲದೆ ಮಣ್ಣಾದವರಿಗಾಗಿಯೂ ಒಂದು ಪ್ರಾರ್ಥನೆ ಇರಲಿ.